ರಯತರ ಸಾಲದ ಕಾರ್ಡಿನ ಬಾಕಿಯೂ ಕಾನೂನಿನ ಕ್ರಮವೂ

ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಪೂರ್ತಿಯಾಯಿತು. 1933ರಲ್ಲಿ ಜಲಾಶಯವು ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಮಗುದೊಮ್ಮೆ 2025ರ ಜನವರಿಯಲ್ಲಿ. ನಡುವಣ 89 ವರ್ಷಗಳ ಅಂತರವೊಂದನ್ನು ನೆನೆದರೆ ಸಾಕು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಸೀಮೆಗಳ ಬೇಸಾಯಗಾರನು ಎಂತಹ ನೀರನ್ನು ನಂಬಿ ಸಾಲಕ್ಕೆ ರುಜು ಹಾಕುವನೆಂಬುದು ವಿದಿತವಾಗುತ್ತದೆ. ಮಳೆ ತಪ್ಪಬಹುದು, ಈರುಳ್ಳಿಯ ಧಾರಣೆ ಬೀಳಬಹುದು, ತೆಂಗಿನ ಸುಳಿ ಒಣಗಬಹುದು; ಸಾಲದ ವಾಯಿದೆಯು ಮಾತ್ರ ತಪ್ಪದೆ ಬರುತ್ತದೆ. ವಾಯಿದೆ ಮೀರಿದ ಮೇಲೆ ನಡೆಯತಕ್ಕ ಸಂಗತಿಗಳನ್ನು ಸರಿಯಾಗಿ ಅರಿಯದೆ ಕೆಲವರು ವ್ಯರ್ಥವಾಗಿ ಭಯಪಡುವರು, ಕೆಲವರು ಅಷ್ಟೇ ವ್ಯರ್ಥವಾಗಿ ಧೈರ್ಯದಿಂದಿರುವರು. ಗ್ರಾಮದ ಹಿರಿಯರ ಬಳಿಗೆ ಈ ಇಬ್ಬರೂ ಸಲಹೆಗೆ ಬರುವವರೇ ಆದುದರಿಂದ ವಿಷಯವನ್ನು ಕೊಂಚ ವಿಸ್ತಾರವಾಗಿ ತಿಳಿಸಲಾಗಿದೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಎಂಬ ಏರ್ಪಾಡು 1998ರಲ್ಲಿ ಮೊದಲಾಯಿತು. ಪಟ್ಟಣದವರು ಅಂಗಡಿಗಳಲ್ಲಿ ಉಪಯೋಗಿಸುವ ಕ್ರೆಡಿಟ್ ಕಾರ್ಡಿಗೂ ಇದಕ್ಕೂ ಹೆಸರಿನ ಹೋಲಿಕೆ ಇದೆಯೇ ಹೊರತು ಸ್ವಭಾವದ ಹೋಲಿಕೆ ಇಲ್ಲ. ಅದರಲ್ಲಿ ಬಾಕಿ ನಿಂತರೆ ಅನೇಕ ಬ್ಯಾಂಕುಗಳು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮೀರಿ ಬಡ್ಡಿ ಹಾಕುತ್ತವೆ. ರಯತರ ಕಾರ್ಡಿನಲ್ಲಿ 2025-26ರ ಸಾಲಿನಲ್ಲಿ 3 ಲಕ್ಷ ರೂಪಾಯಿಗಳವರೆಗಿನ ಬೆಳೆಸಾಲಕ್ಕೆ ವರ್ಷಕ್ಕೆ ನೂರಕ್ಕೆ 7ರಂತೆ ಬಡ್ಡಿ; ವಾಯಿದೆಯೊಳಗೆ ತೀರಿಸಿದವನಿಗೆ 3 ರೂಪಾಯಿಯ ರಿಯಾಯಿತಿ ಕಳೆದು ನಿಲ್ಲುವುದು 4 ಮಾತ್ರ. 2 ಲಕ್ಷ ಪಡೆದವನು ವಾಯಿದೆಗೆ ಸರಿಯಾಗಿ ಕಟ್ಟಿದರೆ ವರ್ಷದ ಬಡ್ಡಿ 8,000. ತಪ್ಪಿದರೆ ಆ ವರ್ಷಕ್ಕೇ 14,000, ಮುಂದಿನ ದಿನಗಳಿಗೆ ಬ್ಯಾಂಕಿನ ಸಾಮಾನ್ಯ ದರ.

ಈ ರಿಯಾಯಿತಿಯ ಆಸೆಯಿಂದ ಹಳ್ಳಿಗಳಲ್ಲಿ ಒಂದು ರೂಢಿ ಬೆಳೆದಿದೆ. ವಾಯಿದೆಯ ದಿನ ಖಾಸಗಿಯವರಿಂದ ಕೈಸಾಲ ತಂದು ಬ್ಯಾಂಕಿಗೆ ಕಟ್ಟುವುದು, ಬ್ಯಾಂಕು ಹೊಸದಾಗಿ ಕೊಟ್ಟ ಹಣದಿಂದ ಆ ಕೈಸಾಲವನ್ನು ತೀರಿಸುವುದು. ನಾಲ್ಕು ದಿನದಲ್ಲಿ ಹಣ ಮರಳಿ ಬಂದರೆ ಬಾಧಕವಿಲ್ಲ. ಆದರೆ ಕೈಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ 3 ರೂಪಾಯಿ ಎಂದಿಟ್ಟುಕೊಂಡರೂ 2 ಲಕ್ಷಕ್ಕೆ ತಿಂಗಳಿಗೆ 6,000 ಆಯಿತು. ಕಾಗದಪತ್ರಗಳ ದೆಸೆಯಿಂದ ಬ್ಯಾಂಕಿನಲ್ಲಿ ಒಂದು ತಿಂಗಳು ತಡವಾದರೆ ಇಡೀ ವರ್ಷದ ರಿಯಾಯಿತಿಯು ಅಲ್ಲಿಯೇ ಮುಗಿಯಿತು. ಹೊಸ ಹಣ ಎಂದು ಬರುವುದೆಂದು ಮೊದಲೇ ವಿಚಾರಿಸದೆ ಕೈಸಾಲಕ್ಕೆ ಹೋಗುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ವಾಯಿದೆ ಮೀರಿದೊಡನೆ ಯಾರೂ ಜಮೀನಿಗೆ ಬರುವುದಿಲ್ಲ. ಅಲ್ಪಾವಧಿಯ ಬೆಳೆಗಳಲ್ಲಿ ಎರಡು ಬೆಳೆಗಾಲವೂ, ವರ್ಷಕ್ಕೂ ಮೀರಿದ ಬೆಳೆಗಳಲ್ಲಿ ಒಂದು ಬೆಳೆಗಾಲವೂ ಬಾಕಿ ನಿಂತರೆ ಬ್ಯಾಂಕು ಆ ಖಾತೆಯನ್ನು ವಸೂಲಾಗದ ಸಾಲವೆಂದು ಬರೆದುಕೊಳ್ಳುತ್ತದೆ. 2005ರ ಕಾನೂನಿನ ಮೇರೆಗೆ ನಡೆಯುವ ಸಾಲಮಾಹಿತಿ ಸಂಸ್ಥೆಗಳ ದಫ್ತರಿನಲ್ಲಿಯೂ ಈ ಷರಾ ಬೀಳುವುದರಿಂದ ಟ್ರಾಕ್ಟರಿಗಾಗಲಿ ಮಗನ ವ್ಯಾಸಂಗಕ್ಕಾಗಲಿ ಬೇರೆ ಬ್ಯಾಂಕಿಗೆ ಹೋದರೂ ಅದು ಹಿಂಬಾಲಿಸುತ್ತದೆ.

ಬ್ಯಾಂಕಿನವರು ನ್ಯಾಯಾಲಯವಿಲ್ಲದೆ ತಾವೇ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವರೆಂಬ ಭಯವು ಬೇಸಾಯದ ಭೂಮಿಯ ಮಟ್ಟಿಗೆ ನಿರಾಧಾರವಾದುದು. ಅಂತಹ ಅಧಿಕಾರವನ್ನು ಕೊಡುವ 2002ರ ಸರ್ಫೇಸಿ ಕಾನೂನಿನ 31ನೆಯ ಪ್ರಕರಣವು ಕೃಷಿಭೂಮಿಯನ್ನು ಹೊರಗಿಟ್ಟಿದೆ. ಪಟ್ಟಣದ ನಿವೇಶನವನ್ನೋ ಮಳಿಗೆಯನ್ನೋ ಆಧಾರ ಕೊಟ್ಟವನಿಗೆ ಈ ರಕ್ಷಣೆ ಇಲ್ಲ; ಪಹಣಿಯಲ್ಲಿ ಖುಷ್ಕಿ ಎಂದಿದ್ದ ಮಾತ್ರಕ್ಕೆ ಸಾಲದೆಂದೂ ಭೂಮಿಯ ನಿಜವಾದ ಉಪಯೋಗವನ್ನು ನೋಡಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿದೆ.

ಆದರೆ ಇದರಿಂದ ಕೃಷಿಭೂಮಿಯು ಹರಾಜಿಗೇ ಬರುವುದಿಲ್ಲವೆಂದು ತಿಳಿಯುವುದು ದೊಡ್ಡ ತಪ್ಪು. 1974ರ ಕರ್ನಾಟಕ ಕೃಷಿ ಸಾಲ ವ್ಯವಹಾರಗಳ ಕಾನೂನಿನ ಮೇರೆಗೆ ರಯತನು ಬರೆದುಕೊಟ್ಟ ಘೋಷಣೆಯಿಂದ ಜಮೀನಿನ ಮೇಲೆ ಋಣಭಾರ ನಿಲ್ಲುತ್ತದೆ; ಪಹಣಿಯ 11ನೆಯ ಅಂಕಣದಲ್ಲಿ ಅದು ಕಾಣುತ್ತದೆ. ಬಾಕಿ ನಿಂತಲ್ಲಿ ಬ್ಯಾಂಕು ನಿಯಮಿತ ಅಧಿಕಾರಿಯ ಮುಂದಾಗಲಿ ಸಿವಿಲ್ ನ್ಯಾಯಾಲಯದಲ್ಲಾಗಲಿ ಕ್ರಮ ಹೂಡಿ ಮಾರಾಟದ ಆಜ್ಞೆಯನ್ನು ಪಡೆಯಬಹುದು. ಸಹಕಾರ ಸಂಘದ ಸಾಲವಾದರೆ ತಂಟೆಯು 1959ರ ಸಹಕಾರ ಸಂಘಗಳ ಕಾನೂನಿನ ಮೇರೆಗೆ ನಿಬಂಧಕರ ಮುಂದೆ ನಡೆಯುತ್ತದೆ. 2025ರ ಜನವರಿ 1ರಿಂದ 2 ಲಕ್ಷ ರೂಪಾಯಿಗಳವರೆಗಿನ ಕೃಷಿಸಾಲಕ್ಕೆ ಆಧಾರ ಕೇಳಕೂಡದೆಂದು ರಿಸರ್ವ್ ಬ್ಯಾಂಕು ವಿಧಿಸಿರುವುದರಿಂದ ಸಣ್ಣ ಸಾಲಕ್ಕೆ ಜಮೀನು ಬರೆದುಕೊಡುವ ಮೊದಲು ಇದನ್ನು ಜ್ಞಾಪಿಸತಕ್ಕದ್ದು.

ಆಧಾರವಿಲ್ಲದ ಸಾಲಕ್ಕೆ ದಾವೆಯ ಅವಧಿ 3 ವರ್ಷ; ಜಮೀನಿನ ಆಧಾರದ ಮೇಲೆ ಹೂಡುವ ದಾವೆಗೆ 12 ವರ್ಷ; ಡಿಕ್ರಿಯಾದರೆ ಅದನ್ನು ಜಾರಿಮಾಡಲು ಮತ್ತೆ 12 ವರ್ಷ. ಅವಧಿ ಮುಗಿಯುವುದಕ್ಕೆ ಮುಂಚೆ ಬಾಕಿಯನ್ನು ಒಪ್ಪಿ ರುಜು ಹಾಕಿದ ದಿನದಿಂದ ಎಣಿಕೆಯು ಹೊಸದಾಗಿ ಆರಂಭವಾಗುತ್ತದೆ. ಬ್ಯಾಂಕಿನವರು ಮೂರು ವರ್ಷಕ್ಕೊಮ್ಮೆ ತರುವ ಕಾಗದದ ಮರ್ಮವು ಇದೇ. ರುಜು ಹಾಕುವುದು ತಪ್ಪಲ್ಲ, ಓದದೆ ಹಾಕುವುದು ತಪ್ಪು.

ನ್ಯಾಯಾಲಯದ ಸಮನ್ಸನ್ನು ತೆಗೆದುಕೊಳ್ಳದೆ ತೋಟದ ಕಡೆಗೆ ತಪ್ಪಿಸಿಕೊಂಡು ಹೋಗುವವನು ತನಗೆ ತಾನೇ ಹಾನಿ ಮಾಡಿಕೊಳ್ಳುತ್ತಾನೆ. ದಾವೆಯು ಏಕಪಕ್ಷೀಯವಾಗಿ ನಡೆದು, ಬಡ್ಡಿಯ ಲೆಕ್ಕವನ್ನು ಪ್ರಶ್ನಿಸುವವರೇ ಇಲ್ಲದೆ ಡಿಕ್ರಿಯಾಗುತ್ತದೆ. ಪ್ರಶ್ನಿಸಲು ಆಸ್ಪದವಾದರೋ ಉಂಟು: ಸಣ್ಣ ಮತ್ತು ಅತಿಸಣ್ಣ ಹಿಡುವಳಿದಾರರ ಅಲ್ಪಾವಧಿ ಸಾಲದಲ್ಲಿ ಒಟ್ಟು ಬಡ್ಡಿಯು ಅಸಲನ್ನು ಮೀರಕೂಡದೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ.

ಡಿಕ್ರಿಯಾದರೂ ಎಲ್ಲವೂ ಜಪ್ತಿಗೆ ಬಾರದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವು ಬಟ್ಟೆಬರೆ, ಅಡಿಗೆಯ ಪಾತ್ರೆ, ಹಾಸಿಗೆ, ಬೇಸಾಯದ ಉಪಕರಣ, ಜೀವನಕ್ಕೆ ಬೇಕಾದ ದನಗಳು, ಬಿತ್ತನೆಯ ಬೀಜ, ರಯತನು ವಾಸವಿರುವ ಮನೆ ಇವುಗಳನ್ನು ಉಳಿಸುತ್ತದೆ. ಸೆರೆಮನೆಯ ಮಾತಾದರೆ, ಹಣವಿದ್ದೂ ಕೊಡದವನಿಗೆ ಅಥವಾ ಆಸ್ತಿಯನ್ನು ಮೋಸದಿಂದ ಮರೆಮಾಡಿದವನಿಗೆ ಮಾತ್ರ ಅದು ಸಲ್ಲುತ್ತದೆ. ಬಡತನದಿಂದ ಕೊಡಲಾರದವನನ್ನು ಸೆರೆಗೆ ಹಾಕಕೂಡದೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸಲು ಅವಕಾಶವೇ ಇಲ್ಲ. ಆದರೆ ಸಾಲಕ್ಕೆ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ ಸಂಗತಿ ಬೇರೆ. ಅದು ಅಪರಾಧ, ನೋಟೀಸು ತಲಪಿದ 15 ದಿನದೊಳಗೆ ಹಣ ಕೊಡದಿದ್ದರೆ ಮೊಕದ್ದಮೆಯಾಗಿ 2 ವರ್ಷದವರೆಗೆ ಸಜೆಯಾಗಬಹುದು.

ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ದಾಕ್ಷಿಣ್ಯಕ್ಕೆ ರುಜು ಹಾಕುವ ಹಿರಿಯರು ಇದನ್ನು ಮರೆಯುವುದುಂಟು. ತೀರಿಕೊಂಡವನ ಸಾಲಕ್ಕೆ ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಬಾಧ್ಯರು.

ಬೆಳೆ ಹೋದ ವರ್ಷ ಬ್ಯಾಂಕಿಗೆ ಮೊದಲು ಹೋಗುವವನಿಗೆ ದಾರಿ ಉಂಟು. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶದಲ್ಲಿ, ಪ್ರಕೃತಿ ವಿಕೋಪದಿಂದ ನೂರಕ್ಕೆ 33ರಿಂದ 50ರವರೆಗೆ ನಷ್ಟವಾದ ಕಡೆ 2 ವರ್ಷ, 50 ಅಥವಾ ಮೇಲ್ಪಟ್ಟರೆ 5 ವರ್ಷದವರೆಗೆ ವಾಯಿದೆಯನ್ನು ಮುಂದೂಡಲು ಅವಕಾಶವಿತ್ತಿತ್ತು. ಈಗ ನಡೆಯುವ ನಿಯಮವನ್ನು ಶಾಖೆಯಲ್ಲಿ ಕೇಳಿ, ಅರ್ಜಿಯನ್ನು ಬರೆದೇ ಕೊಟ್ಟು, ಮುಟ್ಟಿದ ಗುರುತನ್ನು ಪಡೆಯತಕ್ಕದ್ದು. ಸಾಲಮನ್ನಾ ಬರುವುದೆಂದು ಕಾದು ಕೂರುವುದು ಬೇರೆ ಮಾತು: 2018ರ ಮನ್ನಾ ಬಂದಿತು ನಿಜ, ಆದರೆ ಅದಕ್ಕೂ ಮಿತಿಗಳಿದ್ದವು, ಷರತ್ತುಗಳಿದ್ದವು.

ದಾವೆಯಾದ ಮೇಲೆಯೂ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಅಲ್ಲಿಯ ತೀರ್ಮಾನವು ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಆದುದರಿಂದ ಕಟ್ಟಲು ಸಾಧ್ಯವಾದಷ್ಟು ಕಂತಿಗೆ ಮಾತ್ರ ಒಪ್ಪತಕ್ಕದ್ದು. ಹಣ ತೀರಿದ ದಿನವೇ ಬೇಬಾಕಿ ಪತ್ರವನ್ನು ಪಡೆದು, 11ನೆಯ ಅಂಕಣದ ನಮೂದು ರದ್ದಾಗುವವರೆಗೆ ಬಿಡದೆ ವಿಚಾರಿಸಿ, ಹೊಸ ಪಹಣಿಯ ನಕಲನ್ನು ತೆಗೆದು ಕಣ್ಣಾರೆ ನೋಡಿ ಮನೆಯ ಕಾಗದಪತ್ರಗಳ ಜೊತೆಗಿಡತಕ್ಕದ್ದು.