ನಮ್ಮ ಬೇಣದ ಮಣ್ಣು: ಅದರ ಗುಣ ಮತ್ತು ವರ್ಗ



ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಹೆಚ್ಚಿನ ಊರುಗಳ ನೆಲದ ಜೋಡಣೆ ಒಂದೇ ತರಹದ್ದು. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಅದರ ಬದಿಗೆ ಗದ್ದೆ, ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ, ಗುಡ್ಡದ ಬಯಲು ಮೈಮೇಲೆ ಹುಲ್ಲು ಬೆಳೆಯುವ ಬೇಣ. ತೋಟದ ಮಣ್ಣಿನ ಗುಣವನ್ನು ನೀವು ತಲೆಮಾರುಗಳಿಂದ ಬಲ್ಲಿರಿ. ಬೇಣದ ಮಣ್ಣಿನ ವಿಚಾರ ಹಾಗಲ್ಲ. ಅಡಿಕೆಯ ಧಾರಣೆಯನ್ನು ನೋಡಿ ಈಚಿನ ವರ್ಷಗಳಲ್ಲಿ ಅನೇಕರು ಬೇಣಕ್ಕೆ ಯಂತ್ರ ಇಳಿಸಿ ತೋಟ ಮಾಡಲು ಹೊರಟಿದ್ದಾರೆ. ಹಾಗೆ ಹಣ ಹಾಕುವ ಮೊದಲು ಆ ಮಣ್ಣು ಯಾವ ಜಾತಿಯದು, ಅದು ಏನನ್ನು ಕೊಡಬಲ್ಲದು ಎಂಬುದನ್ನು ತಿಳಿಯಬೇಕು. ಈ ಪಾಠದ ಉದ್ದೇಶ ಅದೇ.

ನೀರು ಬಸಿಯುವ ಮಣ್ಣು

ನಮ್ಮ ಘಟ್ಟದ ಮೇಲಿನ ಭಾಗದಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್, ಅಂದರೆ ನೂರು ಅಂಗುಲದಷ್ಟು ಮಳೆ. ಘಟ್ಟದ ಅಂಚಿಗೆ ಇನ್ನೂ ಹೆಚ್ಚು. ಬನವಾಸಿಯ ಕಡೆಗೆ ಹೋದಂತೆ ಕಡಿಮೆ. ಇಷ್ಟು ಮಳೆ ಬಿದ್ದರೂ ಬೇಣದಲ್ಲಿ ನೀರು ನಿಲ್ಲುವುದಿಲ್ಲ. ಮಳೆ ಬಿಟ್ಟ ಸ್ವಲ್ಪ ಹೊತ್ತಿಗೆ ದನಗಳು ಅಲ್ಲಿ ಮೇಯಬಲ್ಲವು. ಇಂಥ ಮಣ್ಣಿಗೆ ಚೆನ್ನಾಗಿ ಬಸಿಯುವ ಮಣ್ಣು ಎನ್ನುತ್ತಾರೆ.

ಇದರ ಗುರುತು ಬಣ್ಣದಲ್ಲಿದೆ. ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಗಾಳಿ ಸಿಕ್ಕಿದರೆ ಅದು ತುಕ್ಕಿನಂತೆ ಕೆಂಪಗಾಗುವುದು. ನೀರು ನಿಂತು ಗಾಳಿ ಆಡದಿದ್ದರೆ ಮಣ್ಣು ಬೂದು ಬಣ್ಣಕ್ಕೆ ತಿರುಗುವುದು, ಇಲ್ಲವೆ ಕೆಂಪು-ಹಳದಿ ಚುಕ್ಕೆ ಮೂಡುವುದು. ಬಸಿಗಾಲುವೆ ಮುಚ್ಚಿಹೋದ ತೋಟದ ಮಣ್ಣನ್ನೂ ಬೇಣದ ಮಣ್ಣನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ವ್ಯತ್ಯಾಸ ಕಣ್ಣಿಗೇ ಕಾಣುವುದು.

ಗುಂಡಿ ತೋಡಿ ನೋಡಿರಿ

ಮಳೆಗಾಲ ಮುಗಿದು ನೆಲ ಇನ್ನೂ ಹಸಿಯಾಗಿರುವಾಗ ಬೇಣದಲ್ಲಿ ನಾಲ್ಕು ಅಡಿ ಆಳದ ಒಂದು ಗುಂಡಿ ತೋಡಿರಿ. ಅದರ ಒಂದು ಗೋಡೆಯನ್ನು ನೇರವಾಗಿ ಕೆತ್ತಿ ನೋಡಿದರೆ ಪದರಗಳು ಕಾಣುವವು.

ಮೊದಲನೆಯದು, ಕಂದು ಬಣ್ಣದ ಮೇಲ್ಮಣ್ಣು. ಹುಲ್ಲಿನ ಬೇರು ಹೆಚ್ಚಾಗಿ ಇರುವುದು ಇಲ್ಲಿಯೇ. ಅನೇಕ ಕಡೆ ಇದು ಒಂದು ಗೇಣಿಗಿಂತ ಕಡಿಮೆ.

ಎರಡನೆಯದು, ಕೆಂಪು ಮಣ್ಣು. ಇದರಲ್ಲಿ ಜಿಗುಟು ಹೆಚ್ಚು, ನೊರಜುಗಲ್ಲೂ ಬೆರೆತಿರುವುದು.

ಮೂರನೆಯದು, ಕೆಲವೆಡೆ ಗಟ್ಟಿಯಾದ ಜಂಬಿಟ್ಟಿಗೆ. ಮನೆ ಕಟ್ಟಲು ಕಡಿಯುವ ಚಿರೆಕಲ್ಲು ಇದೇ. 1800-01ರಲ್ಲಿ ಮೈಸೂರು, ಕನ್ನಡ ಮತ್ತು ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬವನು ಮಲಬಾರಿನ ಅಂಗಡಿಪುರದಲ್ಲಿ ಕಂಡ ಇಂಥ ಕಲ್ಲಿಗೆ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆಯೇ ಇದೆ.

ಇವೆಲ್ಲದರ ಕೆಳಗೆ ಇರುವುದು ಶೇಡಿ. ಗೋಡೆಗೆ ಬಳಿಯುವ, ಚಿತ್ತಾರ ಬರೆಯುವ ಬಿಳಿ ಮಣ್ಣು. ಮುಚ್ಚಿರುವವರೆಗೆ ಇದು ಸುಮ್ಮನಿರುವುದು. ಧರೆ ಕಡಿದು ತೆರೆದಿಟ್ಟರೆ ಮಳೆನೀರಿನಲ್ಲಿ ಬೇಗ ಕರಗಿ ಕೊರೆದುಹೋಗುವುದು.

ಮಳೆ ಒಯ್ಯುವುದೇನು?

ಅಮೆರಿಕದ ಐಯೋವಾ ಪ್ರಾಂತದಲ್ಲಿಯೂ ನಮ್ಮ ಬೇಣದಂತೆ ಎತ್ತರದ, ನೀರು ಬಸಿಯುವ ಹುಲ್ಲುಗಾವಲುಗಳಿದ್ದವು. ಅಲ್ಲಿನ ಮೇಲ್ಮಣ್ಣು ಒಂದು ಅಡಿಗೂ ಮಿಕ್ಕಿ ಕಪ್ಪಗಿದ್ದು, ಹುಲ್ಲನ್ನು ಉತ್ತು ಬಿತ್ತಿದ ಮೆಕ್ಕೆಜೋಳ ಹುಲುಸಾಗಿ ಬಂದಿತು. ಹುಲ್ಲು ಇಲ್ಲಿಯೂ ಉಂಟು. ಹಾಗಿದ್ದರೂ ನಮ್ಮ ಮಣ್ಣು ಹಾಗೇಕಿಲ್ಲ?

ಐಯೋವಾದಲ್ಲಿ ವರ್ಷದ ಮಳೆ ಸುಮಾರು 850 ಮಿಲಿಮೀಟರ್. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದು. ಆದುದರಿಂದ ಸತ್ತ ಬೇರು ನಿಧಾನವಾಗಿ ಕೊಳೆತು ಮಣ್ಣಿನಲ್ಲಿಯೇ ಉಳಿಯಿತು. ನಮ್ಮಲ್ಲಿ ಸೆಕೆಗೆ ಬೇರು ಮತ್ತು ಸೊಪ್ಪು ಬೇಗ ಕೊಳೆಯುವವು. ಅದರ ಮೂರು ಪಟ್ಟು ಮಳೆ ಅದೂ ನಾಲ್ಕು ತಿಂಗಳಲ್ಲಿ ಸುರಿದು, ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂಗಳನ್ನು ತೊಳೆದು ಕೆಳಕ್ಕೆ ಒಯ್ಯುವುದು. ಹಿಂದೆ ಉಳಿಯುವುದು ಕಬ್ಬಿಣ, ಅಲ್ಯುಮಿನಿಯಂ ಮತ್ತು ಹುಳಿ. ಬಸಿಯುವ ಗುಣದಿಂದ ಬೇರಿಗೆ ಗಾಳಿ ಸಿಗುವುದು ನಿಜ. ಅದೇ ಗುಣದಿಂದ ಸಾರವೂ ಸೋರಿಹೋಗುವುದು. ಬೇಣದಲ್ಲಿ ಉಳಿದಿರುವ ಬಹುಪಾಲು ಸಾರ ಮೇಲಿನ ಆ ಒಂದು ಗೇಣಿನಲ್ಲಿದೆ.

ಯಂತ್ರದಿಂದ ಗುಡ್ಡವನ್ನು ತಟ್ಟು ಮಾಡುವಾಗ ಮೊದಲು ಕೆರೆದುಹೋಗುವುದು ಈ ಗೇಣು ಮಣ್ಣೇ. ಒಂದು ಎಕರೆಯಿಂದ ಒಂದು ಅಂಗುಲ ಮಣ್ಣು ಹೋದರೆ ನೂರು ಟನ್ನಿಗೂ ಹೆಚ್ಚು ಹೋದಂತೆ. ಅದನ್ನು ಗಾಡಿಯಲ್ಲಿ ತಂದು ತುಂಬಲಾಗದು.

ವರ್ಗ ಮಾಡುವ ಬಗೆ

ವಿಜ್ಞಾನಿಗಳು ಬಳಸುವ ಒಂದು ಪದ್ಧತಿಯಲ್ಲಿ ಜಗತ್ತಿನ ಮಣ್ಣುಗಳನ್ನು 12 ದೊಡ್ಡ ವರ್ಗಗಳಾಗಿ ಹಂಚಿದ್ದಾರೆ. ಐಯೋವಾದ ಕಪ್ಪು ಹುಲ್ಲುಗಾವಲು ಮಣ್ಣು ‘ಮಾಲಿಸಾಲ್’ ವರ್ಗದ್ದು. ಮಲೆನಾಡಿನ ಕೆಂಪು ಗುಡ್ಡದ ಮಣ್ಣು ಹೆಚ್ಚಾಗಿ ‘ಆಲ್ಫಿಸಾಲ್’ ಮತ್ತು ‘ಅಲ್ಟಿಸಾಲ್’ ವರ್ಗಗಳಿಗೆ ಸೇರುವುದು. ಕೆಳಪದರದಲ್ಲಿ ಸುಣ್ಣ ಮೊದಲಾದ ಸಾರ ಹಿಡಿದಿರುವ ಪಾಲು ನೂರಕ್ಕೆ 35ಕ್ಕಿಂತ ಹೆಚ್ಚಿದ್ದರೆ ಆಲ್ಫಿಸಾಲ್, ಕಡಿಮೆಯಿದ್ದರೆ ಅಲ್ಟಿಸಾಲ್. ಅಂದರೆ ಎರಡನೆಯದು ಹೆಚ್ಚು ತೊಳೆದುಹೋದ ಮಣ್ಣು.

ಈ ಹೆಸರುಗಳು ಪ್ರಯೋಗಶಾಲೆಯವರಿಗೆ. ನಿಮಗೆ ನಿಮ್ಮ ಹೊಲದಲ್ಲಿಯೇ ವರ್ಗ ಮಾಡಲು ಮೂರು ಅಳತೆ ಸಾಕು: ಮಣ್ಣಿನ ಆಳ, ನೊರಜುಗಲ್ಲಿನ ಪಾಲು, ಇಳಿಜಾರು. ಹತ್ತು ಅಡಿ ಉದ್ದಕ್ಕೆ ಒಂದು ಅಡಿ ಇಳಿದರೆ ನೂರಕ್ಕೆ ಹತ್ತರ ಇಳಿಜಾರು ಎಂದು ತಿಳಿಯಿರಿ.

ಮೊದಲನೆಯ ತರ: ಮೂರು ಅಡಿಗಿಂತ ಹೆಚ್ಚು ಆಳ, ಕಲ್ಲು ಕಡಿಮೆ, ಇಳಿಜಾರು ನೂರಕ್ಕೆ ಐದರ ಒಳಗೆ. ಇಲ್ಲಿ ಬೆಳೆ ಮಾಡಬಹುದು. ಆದರೆ ಬೇಸಿಗೆಯ ನೀರಿನ ಲೆಕ್ಕ ಮೊದಲು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಸಸಿ ಹಿಡಿಯುವವು. ಬೆಳೆದ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಹಿಡಿದರೂ 10,800 ಲೀಟರ್ ಆಯಿತು. ಆ ನೀರು ಎಲ್ಲಿಂದ? ಬೇಣದಲ್ಲಿ ಇಂಗಿದ ನೀರೇ ಕೆಳಗಿನ ತೋಟದ ತಲೆಯಲ್ಲಿ ಒರತೆಯಾಗಿ ಬರುವುದು. ಮೇಲೆ ಕೊಳವೆಬಾವಿ ತೆಗೆದು ಎತ್ತಿದ ನೀರು ಕೆಳಗಿನ ಅಜ್ಜನ ಕಾಲದ ತೋಟಕ್ಕೆ ಕಡಿಮೆಯಾಗಬಹುದು.

ಎರಡನೆಯ ತರ: ಒಂದೂವರೆಯಿಂದ ಮೂರು ಅಡಿ ಆಳ, ಕಲ್ಲು ಸಾಧಾರಣ, ಇಳಿಜಾರು ಐದರಿಂದ ಹದಿನೈದು. ಇಲ್ಲಿ ಗೇರು, ಹಲಸು, ಮುರುಗಲು ಮುಂತಾದ ಮರಗಳನ್ನು ಗುಂಡಿಯಲ್ಲಿ ನೆಟ್ಟು, ನಡುವಣ ಹುಲ್ಲನ್ನು ಹಾಗೆಯೇ ಬಿಡಿರಿ. ಇಳಿಜಾರಿಗೆ ಅಡ್ಡವಾಗಿ ಮಾತ್ರ ಕೆಲಸ ಮಾಡಿರಿ.

ಮೂರನೆಯ ತರ: ಒಂದೂವರೆ ಅಡಿಯೊಳಗೆ ಹಾರೆ ಕಲ್ಲಿಗೆ ತಾಗುವ ನೆಲ, ಇಲ್ಲವೆ ಇಳಿಜಾರು ಹದಿನೈದಕ್ಕೆ ಮಿಕ್ಕಿದ ನೆಲ. ಇದು ಹುಲ್ಲಿನದು, ಕಾಡಿನದು. ಇಲ್ಲಿಗೆ ಯಂತ್ರ ಬೇಡ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೂ ರಸ್ತೆಗಳೂ ಹೋದುದನ್ನು ನೀವು ಬಲ್ಲಿರಿ. ಕುಸಿತಕ್ಕೆ ಕಾರಣ ಒಂದೇ ಅಲ್ಲ. ಆದರೆ ಕಡಿದಾದ ಗುಡ್ಡ ನೀರು ಕುಡಿದು ಭಾರವಾಗಿ ನಿಂತಿರುವಾಗ ಅದರ ಬುಡವನ್ನು ಕಡಿದಿಟ್ಟಿದ್ದರೆ ಅಪಾಯ ಹೆಚ್ಚುವುದರಲ್ಲಿ ಸಂದೇಹವಿಲ್ಲ.

ಒಂದೇ ಬೇಣದಲ್ಲಿ ಮೂರೂ ತರ ಇರಬಹುದು. ಆದುದರಿಂದ ನೆತ್ತಿ, ಮೈ, ಬುಡ ಈ ಮೂರು ಕಡೆ ಗುಂಡಿ ತೋಡಿ ನೋಡುವುದು ಒಳ್ಳೆಯದು.

ಮಣ್ಣಿನ ಆರೈಕೆ

1. ನೆಲವನ್ನು ಬೋಳು ಬಿಡಬೇಡಿರಿ. ಹುಲ್ಲಾಗಲಿ ದರಕಾಗಲಿ ಹೊದಿಕೆಯಿದ್ದರೆ ಮಳೆಹನಿಯ ಪೆಟ್ಟು ಮಣ್ಣಿಗೆ ತಾಗದು. ಬೇಣಕ್ಕೆ ಬೆಂಕಿ ಹಾಕಿದರೆ ಈ ಹೊದಿಕೆ ಹೋಗುವುದು.

2. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿರಿ. ರಸಸಾರ ನೋಡಿ, ಹೇಳಿದಷ್ಟೇ ಹಾಕಿರಿ. ಸುಣ್ಣ ಮತ್ತು ರಸಗೊಬ್ಬರಗಳನ್ನು ಒಟ್ಟಿಗೆ ಬೆರೆಸಕೂಡದು.

3. ರಸಗೊಬ್ಬರವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡಿರಿ. ಜಡಿಮಳೆಯಲ್ಲಿ ಕೊಟ್ಟದ್ದು ಹಳ್ಳದ ಪಾಲು. ಹುಳಿ ಮಣ್ಣಿನಲ್ಲಿ ಕಬ್ಬಿಣವು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಶಿಲಾರಂಜಕ ಇಲ್ಲಿಗೆ ಹೊಂದುವುದು.

4. ಸಾಧಾರಣ ಇಳಿಜಾರಿನಲ್ಲಿ ಅಡ್ಡ ಅಗಳ ತೋಡಿ ನೀರು ಇಂಗಿಸಿರಿ. ಕಡಿದಾದ ಗುಡ್ಡದಲ್ಲಿ, ಬಿರುಕು ಬಿಟ್ಟ ನೆಲದಲ್ಲಿ ಇಂಗುಗುಂಡಿ ತೋಡಕೂಡದು.

ಮಣ್ಣಿನ ಮಾದರಿಯನ್ನು ಮೇಲಿನ ಗೇಣಿನಿಂದಲೂ ಕೆಳಗಿನ ಕೆಂಪು ಪದರದಿಂದಲೂ ಬೇರೆ ಬೇರೆಯಾಗಿ ತೆಗೆದು, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲವೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಎರಡರ ಫಲಿತಾಂಶವನ್ನು ಹೋಲಿಸಿದರೆ ನಿಮ್ಮ ಆಸ್ತಿಯ ಎಷ್ಟು ಪಾಲು ಆ ಒಂದು ಗೇಣಿನಲ್ಲಿದೆ ಎಂಬುದು ತಿಳಿಯುವುದು. ಯಂತ್ರದ ಬಾಡಿಗೆಗೆ ಮಾತು ಕೊಡುವ ಮೊದಲು ಒಂದು ದಿನ ಗುದ್ದಲಿ ಹಿಡಿದು ಈ ಪರೀಕ್ಷೆ ಮಾಡಿರಿ.