ಬೇಡವಾದದ್ದು ಕಾಣಿಕೆ ಆಗುತ್ತದಾ?

ವೇದಭಾಗ: 2 ಸಮುವೇಲ 24:18–25, ಲೂಕ 3:11



ಈ ಕ್ರಿಸ್‌ಮಸ್‌ಗೆ ನಮ್ಮ ಯೌವನಸ್ಥರು ಬಡಮಕ್ಕಳಿಗೆ ಅಂತ ಆಟಿಕೆ ಕೂಡಿಸ್ತಿದ್ದಾರೆ. ಬಹಳ ಸಂತೋಷ. ಒಬ್ಬರ ಶೆಲ್ಫಲ್ಲಿ ಹಾಟ್ ವೀಲ್ಸ್ ಕಾರು, ಇನ್ನೊಬ್ಬರ ಬ್ಯಾಗಲ್ಲಿ ಲಬುಬು. "ಪಾಸ್ಟರ್, ಒಂದೇ ಗೊಂಬೆ ಡಬಲ್ ಬಂದಿದೆ, ಕೊಟ್ಟುಬಿಡ್ಲಾ?" ಅಂತ ಕೇಳ್ತೀರಿ. ಉತ್ತರ ಹೇಳೋ ಮೊದಲು ನನ್ನ ತಪ್ಪು ಹೇಳ್ತೀನಿ.

ನಾನೂ ಚಿಕ್ಕ ಕಾರು ಕೂಡಿಸೋನೇ. ಹೋದ ವರ್ಷ ಹಬ್ಬಕ್ಕೆ ಬೆಂಗಳೂರಿಂದ ನಮ್ಮೂರು ತಂಬ್ರಹಳ್ಳಿಗೆ ಹೋಗುವಾಗ ಒಂದು ಚೀಲ ತುಂಬಿದೆ. ನಮ್ಮ ಹಗರಿಬೊಮ್ಮನಹಳ್ಳಿ ಕಡೆ ಎಷ್ಟೋ ಜನ ದುಡಿಯೋಕೆ ಗುಳೆ ಹೋಗ್ತಾರೆ, ಮಕ್ಕಳು ಅಜ್ಜಿ ಹತ್ರ ಉಳೀತಾರೆ. ಆ ಮಕ್ಕಳಿಗೆ ಅಂತ ತುಂಬಿದ ಚೀಲ. ಏನು ತುಂಬಿದೆ? ಬಣ್ಣ ಹೋದದ್ದು, ಗಾಲಿ ಕಿತ್ತದ್ದು. ಪ್ಯಾಕೆಟ್ ಬಿಚ್ಚದ ಕಾರುಗಳು ಮಾತ್ರ ಬೀರುವಿನಲ್ಲೇ ಉಳಿದವು, ಮುಂದೆ ರೇಟು ಬರುತ್ತೆ ಅಂತ. ಒಬ್ಬ ಹುಡುಗ ಮೂರು ಗಾಲಿಯ ಕಾರನ್ನು ತಿರುಗಿಸಿ ನೋಡಿ, "ಅಣ್ಣಾ, ಇದು ನಿಮಗ ಬ್ಯಾಡಾಗಿತ್ತೇನ್ರಿ?" ಅಂದ. ಸಿಟ್ಟಿಂದ ಅಲ್ಲ, ಸುಮ್ಮನೆ ಕೇಳಿದ. ಆ ರಾತ್ರಿ ನನಗೆ ಪ್ರಾರ್ಥನೆ ಮಾಡೋಕೆ ಆಗಲಿಲ್ಲ.

ಆಗ ಅರೌನನ ಕಣ ನೆನಪಾಯ್ತು. ಹಳ್ಳಿಯಿಂದ ಬಂದವರಿಗೆ ಕಣ ಗೊತ್ತು, ತೆನೆ ಒಕ್ಕೋ ಜಾಗ. ದಾವೀದ ಅಲ್ಲಿ ಯಜ್ಞವೇದಿ ಕಟ್ಟೋಕೆ ಬಂದಾಗ ಅರೌನ ಎತ್ತುಗಳನ್ನೂ, ಸೌದೆಗೆ ನೊಗಗಳನ್ನೂ ಪುಕ್ಕಟೆ ಕೊಡ್ತೀನಿ ಅಂದ. ದಾವೀದ ಒಪ್ಪಲಿಲ್ಲ. 50 ಶೆಕೆಲ್ ಬೆಳ್ಳಿ ಕೊಟ್ಟು ಕೊಂಡುಕೊಂಡ. ತನಗೆ ಏನೂ ಖರ್ಚಾಗದ್ದನ್ನು ದೇವರಿಗೆ ಅರ್ಪಿಸೋಕೆ ಅವನಿಗೆ ಮನಸ್ಸಾಗಲಿಲ್ಲ.

ಹಾಗಾದ್ರೆ ಡಬಲ್ ಬಂದದ್ದು ಕೊಡಬಾರದಾ? ಕೊಡಬಹುದು, ಪ್ರಿಯರೇ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಅಂತ ಸ್ನಾನಿಕ ಯೋಹಾನನೇ ಹೇಳಿದ. ಹೆಚ್ಚಿಗೆ ಇರೋದನ್ನ ಕೊಡೋದು ತಪ್ಪಲ್ಲ. ಆದರೆ ಹರಿದ ಅಂಗಿ ಕೊಡಲಿ ಅಂತ ಯೋಹಾನ ಹೇಳಲಿಲ್ಲ. ನಿಮ್ಮ ತಮ್ಮನಿಗೆ ಕೊಡೋಕೆ ನಾಚಿಕೆ ಆಗೋದನ್ನು ಬಡವರ ಮಗುವಿಗೂ ಕೊಡಬೇಡಿ.

ಈ ವಾರ ಮಾಡಬೇಕಾದ ಮೂರು ಕೆಲಸ:

1. ಒಂದೊಂದು ಆಟಿಕೆಯನ್ನೂ ಒರೆಸಿ, ಆಡಿಸಿ ನೋಡಿ. ಮುರಿದಿದ್ರೆ ಬೇಡ. 3 ವರ್ಷದೊಳಗಿನ ಮಕ್ಕಳಿಗೆ ಸಣ್ಣ ಬಿಡಿಭಾಗ ಇರೋದು, ಬಟನ್ ಸೆಲ್ ಇರೋದು ಕೊಡಲೇಬೇಡಿ, ನುಂಗಿಬಿಟ್ರೆ ಜೀವಕ್ಕೇ ಅಪಾಯ.

2. ತಾಯಿಯ ಕೈಗೋ ಅಜ್ಜಿಯ ಕೈಗೋ ಕೊಟ್ಟು ಬನ್ನಿ. ಹಬ್ಬದ ದಿನ ಮಗು ತನ್ನ ಮನೆಯವರಿಂದಲೇ ಪಡೀಲಿ. ನಮ್ಮ ಮುಂದೆ ಸಾಲು ನಿಲ್ಲೋದು ಬೇಡ.

3. ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗದಿರಲಿ ಅನ್ನೋದೇ ಕರ್ತನ ಮಾತು (ಮತ್ತಾಯ 6:3). "ಸಭೆಗೆ ಬಂದ್ರೆ ಕೊಡ್ತೀವಿ" ಅನ್ನೋ ಶರತ್ತೂ ಬೇಡ. ನಮಗೆ ಕೃಪೆ ಶರತ್ತಿಲ್ಲದೆ ಸಿಕ್ಕಿದೆ.

ಕೊನೆಗೆ ಒಂದು ಮಾತು. ಡಬಲ್ ಬಂದದ್ದರ ಜೊತೆ ನಿಮಗೆ ಇಷ್ಟವಾದದ್ದು ಒಂದನ್ನಾದ್ರೂ ಇಡಿ. ಈ ಸಲ ನಾನು ಬೀರು ತೆಗೆದಿದ್ದೀನಿ. ಪ್ಯಾಕೆಟ್ ಬಿಚ್ಚದ ಒಂದು ಕಾರು ಆ ಹುಡುಗನಿಗೆ ಅಂತ ಎತ್ತಿಟ್ಟಿದ್ದೀನಿ. ನಿಜ ಹೇಳ್ತೀನಿ, ಎತ್ತುವಾಗ ಕೈ ಹಿಂಜರೀತು. ನಮ್ಮ ತಂದೆ ಮಿಕ್ಕಿದ್ದನ್ನು ನಮಗೆ ಕೊಡಲಿಲ್ಲ, ತನ್ನ ಒಬ್ಬನೇ ಮಗನನ್ನು ಕೊಟ್ಟ. ಅದಕ್ಕೇ ಅಲ್ವಾ ನಾವು ಕ್ರಿಸ್‌ಮಸ್ ಮಾಡೋದು?

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಬೀರುಗಳನ್ನೂ ಹೃದಯಗಳನ್ನೂ ತೆರೆ. ಕೊಡುವಾಗ ಆ ಮಗುವಿನ ಮುಖ ನಮ್ಮ ಕಣ್ಣ ಮುಂದೆ ಇರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.