ಕ್ಯಾನ್ಸರ್ ಸೂಜಿ ಹಾಕಿಸಿದ ಮೇಲೆ ಕೊಟ್ಟಿಗೆಯಲ್ಲಿ ಏನೇನು ನೋಡಬೇಕು?

ಎತ್ತು ಒಂದೇ ಕೊಂಬನ್ನು ಕಂಬಕ್ಕೆ ಉಜ್ಜುತ್ತದೆ, ಪದೇ ಪದೇ ತಲೆ ಒದರುತ್ತದೆ, ಅದೇ ಕಡೆಯ ಮೂಗಿನ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತದೆ ಎಂದರೆ ಕೊಂಬಿನ ಕ್ಯಾನ್ಸರ್ ಇರಬಹುದೆಂದು ಅನುಮಾನಿಸಬೇಕು. 5ರಿಂದ 10 ವರ್ಷದ ದುಡಿಯುವ ಎತ್ತುಗಳಲ್ಲೇ ಇದು ಹೆಚ್ಚು. ಹಾಗಾಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹಳ್ಳಿಕಾರ್ ಜೋಡಿ ಕಟ್ಟಿದವರು ಇದನ್ನು ತಿಳಿದಿರಲೇಬೇಕು. ನಾಯಿಗಳಲ್ಲಾದರೆ ಕೂಡುವಾಗ ಒಂದರಿಂದ ಒಂದಕ್ಕೆ ಅಂಟುವ ಗುಪ್ತಾಂಗದ ಗಡ್ಡೆ ಸಾಮಾನ್ಯ.

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಇಂಥ ಗಡ್ಡೆಗಳಿಗೆ ವಿಕಿರಣ ಕೊಡುವ ಯಂತ್ರ ಇರುವುದಿಲ್ಲ. ಎತ್ತಿಗೆ ಕೊಂಬನ್ನು ಬುಡದಿಂದ ತೆಗೆಯುವ ಶಸ್ತ್ರಚಿಕಿತ್ಸೆ, ಅದರ ಜೊತೆಗೆ ವಿನ್‌ಕ್ರಿಸ್ಟಿನ್ ಸೂಜಿ; ನಾಯಿಗೆ ಆ ಸೂಜಿಯೊಂದೇ. ನಮಗೆ ಎಟುಕುವ ಚಿಕಿತ್ಸೆ ಇಷ್ಟು. ವಿನ್‌ಕ್ರಿಸ್ಟಿನ್ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ತೆಗೆದ ಔಷಧಿ. ಗಿಡದ್ದೆಂದು ಸಲೀಸಾಗಿ ತೆಗೆದುಕೊಳ್ಳಬೇಡಿ, ಇದರ ಅಡ್ಡ ಪರಿಣಾಮ ಬಲವಾಗಿಯೇ ಇರಬಹುದು. ಮುಂದಿನ ಸೂಜಿ ಯಾವಾಗ, ಎಷ್ಟು ಎಂದು ಡಾಕ್ಟರು ತೀರ್ಮಾನಿಸಲು ನೀವು ದಿನಾ ಬರೆದಿಟ್ಟ ಚೀಟಿ ಬೇಕಾಗುತ್ತದೆ.

ಮೊದಲ ಸೂಜಿಗೆ ಮುನ್ನ

ಸೂಜಿಗೆ ಮುಂಚಿನ ಲೆಕ್ಕ ಇಲ್ಲದಿದ್ದರೆ ಆಮೇಲಿನ ಏರುಪೇರು ತಿಳಿಯದು. ಒಂದೆರಡು ದಿನ ಮೇವು, ನೀರು, ಮೆಲುಕು, ಸಗಣಿಯ ಹದ, ಬೆಳಗಿನ ಮೈ ಬಿಸಿ ಬರೆದಿಡಿ. ರಕ್ತ ಪರೀಕ್ಷೆ ಮಾಡಿಸಿ.

ಸೂಜಿಯ ದಿನ

ಔಷಧಿ ರಕ್ತನಾಳದ ಒಳಗೇ ಹೋಗಬೇಕು. ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆತು ಹುಣ್ಣಾಗುತ್ತದೆ. ಅದಕ್ಕೇ ಹಿಡಿಯಲು ಗಟ್ಟಿ ಆಳು ಬೇಕು, ಜಾನುವಾರು ಅಲುಗಬಾರದು. ಸೂಜಿ ಚುಚ್ಚಿದ ಕಡೆ ಊತ ಬಂದರೆ, ಮುಟ್ಟಿದರೆ ಒದೆಯುವಷ್ಟು ನೋವಿದ್ದರೆ ತಿಕ್ಕಬೇಡಿ. ತಕ್ಷಣ ಡಾಕ್ಟರಿಗೆ ಹೇಳಿ.

ಔಷಧಿಯ ಅಂಶ ಸಗಣಿ, ಗಂಜಲದಲ್ಲಿ ಹೊರಬರುತ್ತದೆ. ಎರಡು ಮೂರು ದಿನ ಕೈಗವಸು ಹಾಕಿ ಬಾಚಿ. ಬಸುರಿಯರು, ಹಾಲೂಡಿಸುವ ತಾಯಂದಿರು ಆ ಕೆಲಸಕ್ಕೆ ಹೋಗುವುದೇ ಬೇಡ. ಕ್ಯಾನ್ಸರ್ ಸೂಜಿ ಹಾಕಿಸಿದ ಹಸುವಿನ ಹಾಲನ್ನು ಡಾಕ್ಟರು ಒಪ್ಪುವ ತನಕ ಕುಡಿಯಬಾರದು, ಡೇರಿಗೂ ಹಾಕಬಾರದು. ನಷ್ಟ ನಿಜ, ಆದರೆ ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಮೊದಲ ಮೂರು ದಿನ

ಮೇವು ಕಡಿಮೆಯಾಗಬಹುದು, ನಾಯಿ ವಾಂತಿ ಮಾಡಬಹುದು, ಸಗಣಿ ಗಟ್ಟಿಯಾಗಬಹುದು. ಒಂದು ಹೊತ್ತು ಮೇವು ಬಿಟ್ಟರೆ ಕಾಯಬಹುದು. ಇಡೀ ದಿನ ಮೆಲುಕು ಹಾಕದಿದ್ದರೆ, ಸಗಣಿ ಬೀಳದಿದ್ದರೆ ಕಾಯಬೇಡಿ.

ನಾಲ್ಕರಿಂದ ಒಂಬತ್ತನೇ ದಿನ

ಅಪಾಯ ಹೆಚ್ಚಿರುವುದು ಈಗ. ನಾವು ಮೈಮರೆಯುವುದೂ ಈಗಲೇ. ಮೇವಿಗೆ ಬಾಯಿ ಹಾಕಿತು, ಸುಧಾರಿಸಿತು ಎಂದುಕೊಳ್ಳುವ ಹೊತ್ತಿಗೆ ರಕ್ತದ ಬಿಳಿ ಕಣಗಳು ಕುಸಿದಿರುತ್ತವೆ, ಸಣ್ಣ ಸೋಂಕೂ ಮೈಗೆ ಹರಡಬಲ್ಲದು. ದಿನಾ ಬೆಳಿಗ್ಗೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ನಾಯಿಗೆ 103, ಎತ್ತಿಗೆ 103.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಸಾಗಿಸಲಾಗದಿದ್ದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ. ಹೊಗೆಸೊಪ್ಪಿನ ನಾಟಿ ಕಾಲದಲ್ಲಿ ಎತ್ತಿಗೆ ಬಿಡುವು ಕೊಡುವುದು ಕಷ್ಟವೆಂದು ಗೊತ್ತು. ಆದರೂ ಈ ದಿನಗಳಲ್ಲಿ ನೊಗ ಹೂಡಬೇಡಿ. ಚುಂಚನಕಟ್ಟೆ ಜಾತ್ರೆಯಂಥ ದನ ಸೇರುವ ಕಡೆಗೂ ಹೊಡೆದುಕೊಂಡು ಹೋಗಬೇಡಿ.

ಕೊಂಬು ತೆಗೆಸಿದ್ದರೆ ಗಾಯವನ್ನೂ ನೋಡುತ್ತಿರಬೇಕು. ದೊಡ್ಡ ಎತ್ತಿನ ಕೊಂಬಿನ ಬುಡದ ಟೊಳ್ಳು ಹಣೆಯ ಮೂಳೆಯೊಳಗಿನ ಗಾಳಿಗೂಡಿಗೆ ಸೇರಿರುತ್ತದೆ. ನೊಣ ಕೂತು ಹುಳು ಬಿದ್ದರೆ, ಕೀವು ಒಳಗಿಳಿದರೆ ಗುಣವಾಗುವುದು ತಡ. ವಾಸನೆ, ಒಂದೇ ಹೊಳ್ಳೆಯ ಸಿಂಬಳ, ತಲೆ ವಾಲಿಸುವುದು ಅದರ ಸುಳಿವು.

ಮುಂದಿನ ಸೂಜಿಗೆ ಹೋಗುವಾಗ

ನಾಯಿಗೆ ಸಾಮಾನ್ಯವಾಗಿ ವಾರಕ್ಕೊಂದು ಸೂಜಿ. ರಕ್ತದ ಬಿಳಿ ಕಣ ಮೈಕ್ರೊಲೀಟರಿಗೆ 4,000ಕ್ಕಿಂತ ಇಳಿದಿದ್ದರೆ ಕೆಲವು ದಿನ ಮುಂದೂಡುತ್ತಾರೆ. ಹಿಂಗಾಲು ಎಳೆಯುವುದು, ಪಾದ ಮಡಚಿ ಇಡುವುದು ಕಂಡಿದ್ದರೆ ಮರೆಯದೆ ಹೇಳಿ; ನರಕ್ಕೆ ಪೆಟ್ಟು ಬಿದ್ದಿರಬಹುದು.

ವಿಕಿರಣ ಚಿಕಿತ್ಸೆ ಕೊಡಿಸಿದ್ದರೆ

ದೂರದ ಊರಿಗೆ ಹೋಗಿ ನಾಯಿಗೆ ವಿಕಿರಣ ಕೊಡಿಸಿ ಬಂದವರು ನೋಡಬೇಕಾದದ್ದು ಬೇರೆ. ಇಲ್ಲಿ ತೊಂದರೆ ಮೈಗೆಲ್ಲ ಅಲ್ಲ, ಕಿರಣ ಬಿದ್ದ ಜಾಗಕ್ಕೆ. 2001ರಲ್ಲಿ ಪ್ರಕಟವಾದ ಪಶುವೈದ್ಯರ ಪದ್ಧತಿಯಲ್ಲಿ ಅದನ್ನು 0ಯಿಂದ 3ರವರೆಗೆ ಅಂಕ ಕೊಟ್ಟು ಅಳೆಯಲಾಗುತ್ತದೆ. ಚರ್ಮ ಕೆಂಪಾಗಿ, ಕೂದಲುದುರಿ, ಒಣ ಹೊಟ್ಟು ಏಳುವುದು 1. ಅಲ್ಲಲ್ಲಿ ಸುಲಿದು ನೀರೊಸರುವುದು 2. ಅದೆಲ್ಲ ಒಂದಾಗಿ ಊದಿ, ಹುಣ್ಣಾಗಿ, ರಕ್ತ ಬರುವುದು 3. ದಿನಾ ಅದೇ ಬೆಳಕಿನಲ್ಲಿ, ಅದೇ ದೂರದಿಂದ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಡಾಕ್ಟರಿಗೆ ಅಂಕ ಹಾಕುವುದು ಸುಲಭ. ನೆಕ್ಕದಂತೆ ಕುತ್ತಿಗೆಗೆ ಶಂಕುವಿನಾಕಾರದ ಪಟ್ಟಿ ಹಾಕಿ, ಬಿಸಿಲಿಗೆ ಬಿಡಬೇಡಿ, ಅರಿಶಿನವಾಗಲಿ ಮುಲಾಮಾಗಲಿ ಕೇಳದೆ ಹಚ್ಚಬೇಡಿ. ಈ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಬರುವ ಪರಿಣಾಮಗಳಾದರೆ ಹಿಂದೆ ಸರಿಯುವುದು ಅಪರೂಪ: ಚರ್ಮ ಗಡಸಾಗುವುದು, ಕಣ್ಣಿನ ಹತ್ತಿರ ಕಿರಣ ಬಿದ್ದಿದ್ದರೆ ಪೊರೆ ಬರುವುದು, ಮೂಳೆ ಸಾಯುವುದು. ಗಡ್ಡೆ ಕರಗಿತೆಂದು ಕಡತ ಎಸೆಯದೆ, ಡಾಕ್ಟರು ಬರೆದುಕೊಟ್ಟ ತಾರೀಕಿಗೆ ಮತ್ತೆ ತೋರಿಸಿ.